ಮಾವ ಇನ್ನೂ ಲಾಗಿನ್ ಆಗಿದ್ದರು

ಕಳೆದ ಜುಲೈ ತಿಂಗಳ ಒಂದು ಶನಿವಾರ ಸಂಜೆ ಕಲ್ಯಾಣದಿಂದ ಅತ್ತೆಯ ಫೋನ್ ಬಂತು.

"ಮಾಣಿ, ಕಂಪ್ಯೂಟರಿನಲ್ಲಿ ಮೇಲೆ ಒಂದು ಹಳದಿ ಪಟ್ಟಿ ಬರ್ತಾ ಉಂಟು. ಇಂಗ್ಲಿಷಿನಲ್ಲಿ ಎಂತದೋ ಬರೆದಿದೆ. 31 ಅಂತ ಮಾತ್ರ ಗೊತ್ತಾಯಿತು. ಒಮ್ಮೆ ಬಂದು ನೋಡ್ತೀಯಾ?"

ಅತ್ತೆಗೆ ಕಂಪ್ಯೂಟರಿನಲ್ಲಿ ಗೊತ್ತಿರುವುದು ಮೂರೇ ಕೆಲಸ. ಸ್ವಿಚ್ ಹಾಕುವುದು, ಮಾವ ತೋರಿಸಿಕೊಟ್ಟ ಚಿತ್ರದ ಮೇಲೆ ಎರಡು ಸಲ ಒತ್ತುವುದು, ಬರುವ ಪಟ್ಟಿಯಲ್ಲಿ ಒಂದು ಹೆಸರು ಆರಿಸಿ ಕೇಳುವುದು. ಮಾವ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಪ್ರತಿ ಶನಿವಾರ ದೇವರಿಗೆ ದೀಪ ಹಚ್ಚಿದ ಮೇಲೆ ಅವರು ಈ ಮೂರು ಕೆಲಸ ಮಾಡುತ್ತಿದ್ದರು. ಪಟ್ಟಿಯಲ್ಲಿದ್ದದ್ದು ಮಾವ ರೆಕಾರ್ಡ್ ಮಾಡಿಟ್ಟ ತಾಳಮದ್ದಳೆಗಳು.

ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ಕುಂದಾಪುರದ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಕೋಟೆ ಪ್ರದೇಶದ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಮುಂಬಯಿ ಕನ್ನಡಿಗರ ಆ ತಲೆಮಾರಿನ ಕಥೆ ನಿಮಗೆ ಹೊಸದಲ್ಲ. ಮ್ಯಾಟ್ರಿಕ್ ಮುಗಿಸಿ ಒಂದು ಕಂಪನಿಯಲ್ಲಿ ಗುಮಾಸ್ತರಾದರು, ಕಲ್ಯಾಣದಲ್ಲಿ ನೆಲಮಹಡಿಯ ಮನೆ ಮಾಡಿದರು. ಮೊದಲ ಬೋನಸ್ಸಿನಲ್ಲಿ ಕೊಂಡದ್ದು ಟೇಪ್ ರೆಕಾರ್ಡರ್. ಅಲ್ಲಿಂದ ಮುಂದೆ ಡೊಂಬಿವಲಿ, ಠಾಣೆ, ಮುಲುಂಡ್, ಎಲ್ಲಿ ತಾಳಮದ್ದಳೆ ನಡೆದರೂ ಮಾವ ಮೊದಲ ಸಾಲಿನಲ್ಲಿ ಕ್ಯಾಸೆಟ್ ಹಾಕಿಕೊಂಡು ಕೂತಿರುತ್ತಿದ್ದರು. ಯಾರಾದರೂ ಅರ್ಥಧಾರಿ ಬಾರದಿದ್ದರೆ ಅವರೇ ಎದ್ದು ಒಂದು ಸಣ್ಣ ಪಾತ್ರಕ್ಕೆ ಕೂರುವುದೂ ಇತ್ತು.

2005ರ ಜುಲೈ 26ರ ಮಳೆ ನಿಮಗೆ ನೆನಪಿರಬಹುದು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮಳೆ. ಇತ್ತ ಕಲ್ಯಾಣದಲ್ಲಿ ಮಾವನ ಮನೆಯೊಳಗೆ ಸೊಂಟದವರೆಗೆ ನೀರು. ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ಕ್ಯಾಸೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಸರಾದವು. ಉಳಿದದ್ದನ್ನು ಮಾವ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಗಿಸಿದರು. ಆಮೇಲೆ ನನ್ನ ಕೈಯಲ್ಲಿ ಒಂದು ತಂತಿ ತರಿಸಿ, ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ, ಒಂದೊಂದೇ ಕ್ಯಾಸೆಟನ್ನು ಎಂಪಿ3 ಮಾಡತೊಡಗಿದರು. ಅದಕ್ಕೆ ವರ್ಷಗಳೇ ಹಿಡಿದವು. ಮಾಡಿದ್ದನ್ನೆಲ್ಲ ಒಂದು ಸಣ್ಣ ಕಂಪನಿಯ ತಾಣದಲ್ಲಿ ಖಾತೆ ತೆರೆದು ಅಲ್ಲಿಗೆ ಏರಿಸಿದರು. "ಇನ್ನು ನೀರಿಗೆ ಸಿಕ್ಕುದಿಲ್ಲ ಮಾಣಿ" ಎಂದು ನನಗೆ ಹೇಳಿದ್ದರು. ಮನೆಯ ಕಂಪ್ಯೂಟರಿನಲ್ಲಿ ಇಟ್ಟ ಪ್ರತಿ ಒಮ್ಮೆ ಡಿಸ್ಕ್ ಕೆಟ್ಟಾಗ ಹೋಯಿತು. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಮೇಲೆ ಇದೆಯಲ್ಲ!

ಮರುದಿನ ಭಾನುವಾರ ಡೊಂಬಿವಲಿಯಿಂದ ಲೋಕಲ್ ಹತ್ತಿದೆ. ನಡುವೆ ಠಾಕುರ್ಲಿ ಒಂದೇ ಸ್ಟೇಷನ್, ಕೂರಲು ಜಾಗ ಹುಡುಕುವುದರೊಳಗೆ ಕಲ್ಯಾಣ. ಹೋಗಿ ನೋಡಿದರೆ ಹಳದಿ ಪಟ್ಟಿ ಹೇಳುತ್ತಿದ್ದದ್ದು ಇಷ್ಟು: ಈ ಸೇವೆ ಜುಲೈ 31ಕ್ಕೆ ನಿಲ್ಲುತ್ತದೆ, ನಿಮ್ಮ ಕಡತಗಳನ್ನು ಅದರೊಳಗೆ ಇಳಿಸಿಕೊಳ್ಳಿ. ಹನ್ನೊಂದು ದಿನ ಉಳಿದಿತ್ತು.

"ಎಲ್ಲವನ್ನೂ ಇಳಿಸಿಕೊಳ್ಳಿ" ಎಂಬ ಗುಂಡಿಯೂ ಇತ್ತು. ಒತ್ತಿದೆ. ನಿಮ್ಮ ಕಡತಗಳ ಕೊಂಡಿಯನ್ನು ನೋಂದಾಯಿತ ಇಮೇಲಿಗೆ ಕಳಿಸಲಾಗುವುದು ಎಂದಿತು. ನೋಂದಾಯಿತ ಇಮೇಲ್ ಯಾವುದು ಎಂದು ನೋಡಿದರೆ ಮಾವನ ಆಫೀಸಿನದು! ನಿವೃತ್ತಿಯಾದ ಮೇಲೆ ಆಫೀಸಿನವರು ಅದನ್ನು ಮುಚ್ಚಿದ್ದರು. ಇಮೇಲ್ ಬದಲಿಸೋಣವೆಂದರೆ ಹಳೆಯ ಪಾಸ್‌ವರ್ಡ್ ಕೇಳಿತು. ಅದು ಮಾವನ ಜೊತೆಗೇ ಹೋಗಿತ್ತು. ಹೊಸ ಪಾಸ್‌ವರ್ಡ್ ಬೇಕೆಂದರೆ ಅದರ ಕೊಂಡಿಯೂ ಆ ಮುಚ್ಚಿದ ಇಮೇಲಿಗೇ. ಕಂಪನಿಗೆ ಬರೆದೆ. ಹದಿನೈದು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂಬ ಯಾಂತ್ರಿಕ ಉತ್ತರ ಬಂತು.

ಅಂದರೆ ಆ ಖಾತೆಗೆ ಉಳಿದಿದ್ದ ಬಾಗಿಲು ಒಂದೇ. ಕಲ್ಯಾಣದ ಆ ಕಂಪ್ಯೂಟರಿನ ಬ್ರೌಸರಿನಲ್ಲಿ ಮಾವ ಇನ್ನೂ ಲಾಗಿನ್ ಆಗಿಯೇ ಇದ್ದರು.

ಇದು ಹೇಗೆ ಸಾಧ್ಯ ಎಂದು ಎರಡು ಮಾತು ಹೇಳುತ್ತೇನೆ. ವೆಬ್ ಹುಟ್ಟಿದಾಗ ಅದಕ್ಕೆ ನೆನಪು ಎಂಬುದೇ ಇರಲಿಲ್ಲ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ ಕೊಡುತ್ತದೆ, ಅಲ್ಲಿಗೆ ಸಂಬಂಧ ಮುಗಿಯಿತು. ಮರುಕ್ಷಣ ಇನ್ನೊಂದು ಪುಟ ಕೇಳಿದರೆ ನೀವು ಅದಕ್ಕೆ ಮತ್ತೆ ಅಪರಿಚಿತರು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಇಂಜಿನಿಯರ್ ಇದಕ್ಕೆ ಉಪಾಯ ಕಂಡುಹಿಡಿದರು. ವೆಬ್ಬಿನಲ್ಲಿ ಅಂಗಡಿ ತೆರೆಯಬೇಕಾದರೆ ಗಿರಾಕಿಯ ಬುಟ್ಟಿಯಲ್ಲಿ ಏನೇನಿದೆ ಎಂದು ನೆನಪಿರಬೇಕಲ್ಲ? ಅದಕ್ಕಾಗಿ ಸರ್ವರ್ ಒಂದು ಸಣ್ಣ ಗುರುತಿನ ಚೀಟಿಯನ್ನು ಬ್ರೌಸರಿನ ಕೈಗೆ ಕೊಡುತ್ತದೆ. ಮುಂದಿನ ಸಲ ಬರುವಾಗ ಬ್ರೌಸರ್ ಅದನ್ನು ತೋರಿಸುತ್ತದೆ. ಯುನಿಕ್ಸ್ ಮಂದಿ ಇಂಥ ಚೀಟಿಯನ್ನು ಮೊದಲೇ ಮ್ಯಾಜಿಕ್ ಕುಕಿ ಎನ್ನುತ್ತಿದ್ದರು. ಅದೇ ಹೆಸರು ಇದಕ್ಕೂ ಬಂತು. ನೀವು ಪಾಸ್‌ವರ್ಡ್ ಹಾಕುವುದು ಒಂದೇ ಸಲ. ಆಮೇಲೆ ನಿಮ್ಮನ್ನು ಒಳಗೆ ಬಿಡುವುದು ಈ ಕುಕಿ.

ನಮ್ಮ ಲೋಕಲ್ ಟ್ರೇನಿನ ಪಾಸ್ ಇದ್ದಂತೆ ಎನ್ನಬಹುದು. ಕೌಂಟರಿನಲ್ಲಿ ಒಮ್ಮೆ ಹಣ ಕೊಟ್ಟಿರಿ, ಇನ್ನು ತಿಂಗಳಿಡೀ ಪಾಸ್ ತೋರಿಸಿದರೆ ಸಾಕು. ಒಂದು ವ್ಯತ್ಯಾಸವಿದೆ. ಪಾಸಿನ ಜೊತೆ ಗುರುತಿನ ಚೀಟಿ ಇರಬೇಕು, ಟಿಸಿ ಮುಖ ನೋಡಬಹುದು. ಕುಕಿಗೆ ಮುಖವಿಲ್ಲ.

"ಕುಕಿ ಅಂದರೆ ಬಿಸ್ಕಿಟ್ ಅಲ್ಲದಾ?" ಎಂದರು ಅತ್ತೆ, ಕಾಫಿ ಲೋಟ ಇಡುತ್ತಾ.

ಅವರಿಗೆ ಪಾಸಿನ ಕಥೆ ಬೇಕಿರಲಿಲ್ಲ. ರಾಮ ಹನುಮಂತನ ಕೈಯಲ್ಲಿ ಮುದ್ರೆಯುಂಗುರ ಕೊಟ್ಟು ಕಳಿಸಿದ ಹಾಗೆ ಎಂದೆ. ಉಂಗುರ ನೋಡಿ ಇವನು ರಾಮನ ಕಡೆಯವನು ಎಂದು ಸೀತೆಗೆ ಗೊತ್ತಾಗುತ್ತದೆ. ಮಾವನ ಉಂಗುರ ಈ ಬ್ರೌಸರಿನಲ್ಲಿ ಉಂಟು. ಅದನ್ನು ನಾನು ನನ್ನ ಲ್ಯಾಪ್‌ಟಾಪಿಗೆ ತೆಗೆದುಕೊಂಡು ಸಾಮಾನೆಲ್ಲ ತರುತ್ತೇನೆ.

ಅತ್ತೆ ನಲವತ್ತು ವರ್ಷ ತಾಳಮದ್ದಳೆ ಕೇಳಿದವರು. ತಕ್ಷಣ ಕೇಳಿದರು, "ಹಾಗಾದರೆ ಉಂಗುರ ಯಾರ ಕೈಗೆ ಸಿಕ್ಕಿದರೂ ಆಯಿತಾ? ಸೀತೆ ಮೊದಲಿಗೆ ಹನುಮಂತನನ್ನೂ ನಂಬಲಿಲ್ಲ. ರಾವಣನ ಮಾಯೆಯೋ ಅಂತ ಪರೀಕ್ಷೆ ಮಾಡಿದಳು."

ಈ ಸರ್ವರಿಗೆ ಸೀತೆಯಷ್ಟು ಬುದ್ಧಿ ಇಲ್ಲ ಅತ್ತೆ ಎಂದು ನಕ್ಕೆ. ನನಗೂ ಅಷ್ಟು ಬುದ್ಧಿ ಇರಲಿಲ್ಲ ಎಂಬುದು ಇನ್ನೊಂದು ಗಂಟೆಯಲ್ಲಿ ಗೊತ್ತಾಗಲಿತ್ತು.

ಪಟ್ಟಿಯಲ್ಲಿ 347 ಕಡತಗಳಿದ್ದವು. ಒಂದೊಂದೂ ಕ್ಯಾಸೆಟ್ಟಿನ ಒಂದು ಬದಿ, ನಲವತ್ತೈದು ನಿಮಿಷ, ಸುಮಾರು 21 ಎಂಬಿ. ಒಟ್ಟು ಏಳು ಜಿಬಿಗೂ ಹೆಚ್ಚು. ಒಂದೊಂದನ್ನೇ ಒತ್ತುತ್ತಾ ಕೂತರೆ ಮುಗಿಯುವುದಿಲ್ಲ, ಸರ್ವರ್ ನಿಧಾನ, ನಡುವೆ ಕಡಿದರೆ ಮತ್ತೆ ಮೊದಲಿನಿಂದ. ಇಂಥದ್ದಕ್ಕೆ ನಾವು ಐರೋಲಿಯ ಆಫೀಸಿನಲ್ಲಿ ದಿನಾ ಬಳಸುವ ಉಪಕರಣ ಡಬ್ಲ್ಯೂಗೆಟ್. ಕ್ರೊಯೇಷಿಯಾದ ಹರ್ವೋಯೆ ನಿಕ್ಷಿಚ್ 1996ರಲ್ಲಿ ಹೊರತಂದ ಈ ಸಣ್ಣ ಪ್ರೋಗ್ರಾಮಿಗೆ ಕಿಟಕಿಯಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಹೇಳಿದ ಕಡತ ತರುತ್ತದೆ, ಕಡಿದರೆ ಕಡಿದಲ್ಲಿಂದ ಮುಂದುವರಿಸುತ್ತದೆ. ಆದರೆ ಅದಕ್ಕೆ ಮಾವ ಯಾರೆಂದು ಗೊತ್ತಿಲ್ಲ. ಬ್ರೌಸರಿನ ಕುಕಿಯನ್ನು ಒಂದು ಕಡತದಲ್ಲಿ ಬರೆದು ಕೊಡಬೇಕು, "ಈ ಕುಕಿಗಳನ್ನು ಹಿಡಿದುಕೊಂಡು ಹೋಗು" ಎಂದು ಹೇಳಬೇಕು.

ಆ ಕಡತದ ರೂಪ ನೆಟ್‌ಸ್ಕೇಪ್ ಕಾಲದ್ದೇ. ಒಂದು ಕುಕಿಗೆ ಒಂದು ಸಾಲು, ಸಾಲಿನಲ್ಲಿ ಏಳು ಮನೆ: ತಾಣದ ಹೆಸರು, ಉಪತಾಣಗಳಿಗೂ ಸಲ್ಲುತ್ತದೆಯೇ, ದಾರಿ, ಸುರಕ್ಷಿತ ಸಂಪರ್ಕದಲ್ಲಿ ಮಾತ್ರವೇ, ಯಾವಾಗ ಅವಧಿ ಮುಗಿಯುತ್ತದೆ, ಕುಕಿಯ ಹೆಸರು, ಕೊನೆಗೆ ಅದರ ಬೆಲೆ. ಈ ಬೆಲೆಯೇ ಉಂಗುರ, ಉದ್ದದ ಅರ್ಥವಿಲ್ಲದ ಅಕ್ಷರಗಳ ಸರ. ಮನೆಗಳ ನಡುವೆ ಟ್ಯಾಬ್ ಇರಬೇಕು, ಬರೀ ಸ್ಪೇಸ್ ನಡೆಯುವುದಿಲ್ಲ. ನನ್ನ ಎಡಿಟರ್ ಟ್ಯಾಬನ್ನು ತಾನಾಗಿಯೇ ಸ್ಪೇಸ್ ಮಾಡುತ್ತಿತ್ತು. ಡಬ್ಲ್ಯೂಗೆಟ್ ಆ ಸಾಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಖಾಲಿ ಕೈಯಲ್ಲಿ ಹೋಗಿ ಲಾಗಿನ್ ಪುಟ ತಂದಿತು. ಇದನ್ನು ಕಂಡುಹಿಡಿಯಲು ಅರ್ಧ ಗಂಟೆ ಹೋಯಿತು.

ಕುಕಿಗಳನ್ನು ಕಡತ ಮಾಡಿಕೊಡುವ ಎಕ್ಸ್‌ಟೆನ್ಷನ್‌ಗಳು ಸಿಗುತ್ತವೆ. ನಾನು ಹಾಕಲಿಲ್ಲ. ಎಲ್ಲ ತಾಣಗಳ ಕುಕಿ ಓದಲು ಅದಕ್ಕೆ ಅನುಮತಿ ಕೊಟ್ಟರೆ ಅತ್ತೆಯ ಬ್ಯಾಂಕಿನ ಕುಕಿಯನ್ನೂ ಅದು ಓದಬಲ್ಲದು. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದರೆ ಆ ತಾಣದ ಕುಕಿಗಳು ಕಾಣುತ್ತವೆ. ಬೇಕಾದದ್ದನ್ನು ಅಲ್ಲಿಂದ ಕೈಯಾರೆ ಬರೆದುಕೊಂಡೆ.

ಇಲ್ಲಿಯವರೆಗೆ ಜಾಣತನ. ಮುಂದೆ ಅವಸರ. 347 ಕೊಂಡಿಗಳ ಪಟ್ಟಿ ಮಾಡುವ ಬದಲು, ಮೊದಲ ಪುಟದಿಂದ ಶುರುಮಾಡಿ ಕಂಡ ಕಂಡ ಕೊಂಡಿಯನ್ನೆಲ್ಲ ಹಿಂಬಾಲಿಸಿ ತಾ ಎಂದು ಆಜ್ಞೆ ಕೊಟ್ಟೆ. ಮೊದಲ ಕಡತ ಬಂತು. ಮೊಬೈಲಿನಲ್ಲಿ ಹಾಕಿ ನೋಡಿದೆ, ಮಾವನ ದನಿ: "ಡೊಂಬಿವಲಿ ಪೂರ್ವ, ಶನಿವಾರ, ಪ್ರಸಂಗ ವಾಲಿಮೋಕ್ಷ. ಒಂದನೇ ಕ್ಯಾಸೆಟ್, ಎ ಬದಿ." ಪ್ರತಿ ಕ್ಯಾಸೆಟ್ಟಿನ ಮೊದಲಿಗೂ ಅವರು ಹೀಗೆ ಹೇಳಿ, ಒಮ್ಮೆ ಕೆಮ್ಮಿ, ಸುಮ್ಮನಾಗುತ್ತಿದ್ದರು. ಅತ್ತೆ ಶನಿವಾರ ಕೇಳುತ್ತಿದ್ದದ್ದು ಅರ್ಥಗಾರಿಕೆಗಿಂತ ಹೆಚ್ಚಾಗಿ ಇದನ್ನೇ ಎಂದು ನನಗೆ ಆಗ ಹೊಳೆಯಿತು. ಅಡುಗೆಮನೆಯಲ್ಲಿ ಅವರ ಸೌಟಿನ ಸದ್ದು ನಿಂತಿತ್ತು.

ಊಟಕ್ಕೆ ಕೂತೆ. ಗುಳ್ಳ ಬದನೆಯ ಹುಳಿ, ಹಪ್ಪಳ. ಮುಗಿಸಿ ಬಂದು ನೋಡಿದರೆ ಕೆಲಸ ಮುಗಿದೇ ಹೋಗಿದೆ! ಏಳು ಜಿಬಿ ಒಂದು ಊಟದ ಹೊತ್ತಿನಲ್ಲಿ? ಸಂಶಯ ಬಂದು ಕಡತಗಳ ಗಾತ್ರ ನೋಡಿದೆ. ಮೊದಲ 25 ಸರಿಯಾಗಿದ್ದವು. ಉಳಿದ 322 ಕಡತಗಳದ್ದೂ ಒಂದೇ ಗಾತ್ರ, 9 ಕೆಬಿ. ಹೆಸರು ಎಂಪಿ3, ಒಳಗೆ ಲಾಗಿನ್ ಪುಟ.

ಆದದ್ದು ಇಷ್ಟೇ. ಆ ತಾಣ ಒಂದು ಪುಟಕ್ಕೆ 25ರಂತೆ ಪಟ್ಟಿ ತೋರಿಸುತ್ತಿತ್ತು. ಪಟ್ಟಿಯ ಕೆಳಗೆ ಮುಂದಿನ ಪುಟಗಳ ಕೊಂಡಿ, ಎಲ್ಲಕ್ಕಿಂತ ಕೆಳಗೆ ಇನ್ನೊಂದು ಕೊಂಡಿ: ಲಾಗೌಟ್. ಕಂಡ ಕೊಂಡಿಯನ್ನೆಲ್ಲ ಹಿಂಬಾಲಿಸು ಎಂದಿದ್ದೆನಲ್ಲ, ಡಬ್ಲ್ಯೂಗೆಟ್ ಮೊದಲ ಪುಟದ 25 ಕಡತ ತಂದಿತು, ಉಳಿದ ಹದಿಮೂರು ಪುಟಗಳ ಪಟ್ಟಿ ತಂದಿತು, ಆಮೇಲೆ ಅಷ್ಟೇ ವಿಧೇಯತೆಯಿಂದ ಲಾಗೌಟನ್ನೂ ಒತ್ತಿತು. ಸರ್ವರ್ ಆ ಕುಕಿಯನ್ನು ಅಲ್ಲೇ ರದ್ದು ಮಾಡಿತು. ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದದ್ದೂ ಅತ್ತೆಯ ಬ್ರೌಸರಿನಲ್ಲಿ ಇದ್ದದ್ದೂ ಒಂದೇ ಉಂಗುರ. ಅತ್ತೆಯ ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಎರಡು ಸಲ ಒತ್ತಿದೆ. ಹೆಸರು, ಪಾಸ್‌ವರ್ಡ್ ಕೇಳುವ ಎರಡು ಖಾಲಿ ಚೌಕ ಬಂತು.

ಹದಿನಾಲ್ಕು ತಿಂಗಳು ಅತ್ತೆ ಒಂದು ಗುಂಡಿ ತಪ್ಪಾಗಿ ಒತ್ತದೆ ಕಾಪಾಡಿಕೊಂಡು ಬಂದದ್ದನ್ನು, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಸಂಬಳ ತೆಗೆದುಕೊಂಡ ನಾನು ಒಂದು ಊಟದ ಹೊತ್ತಿನಲ್ಲಿ ಹಾಳು ಮಾಡಿದ್ದೆ.

ಹೇಳದೆ ಹೋಗೋಣವೇ ಎಂದು ಒಂದು ಕ್ಷಣ ಅನಿಸಿತು, ಸುಳ್ಳು ಹೇಳುವುದಿಲ್ಲ. ತಾಣದವರೇ ಮುಚ್ಚಿದರು ಎಂದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಶನಿವಾರ ಅವರು ಮತ್ತೆ ಆ ಚಿತ್ರ ಒತ್ತುತ್ತಾರೆ. ಹೇಳಿದೆ.

ಅತ್ತೆ ಸ್ವಲ್ಪ ಹೊತ್ತು ಪರದೆ ನೋಡುತ್ತಾ ನಿಂತರು. "ಇಪ್ಪತ್ತೈದು ಬಂದಿದೆ ಅಂದೆಯಲ್ಲ" ಎಂದರು. ಮತ್ತೆ, "ನೀರು ಬಂದಾಗ ಅವರು ಹೋದದ್ದನ್ನು ಎಣಿಸಿಕೊಂಡು ಕೂರಲಿಲ್ಲ. ಉಳಿದದ್ದನ್ನು ಮೊದಲು ಮೇಲೆ ತೆಗೆದುಕೊಂಡು ಹೋದರು."

ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು ಕೇಳಿದರು, "ಇವರು ಇದನ್ನು ಬೇರೆ ಕಡೆ ತೆರೆದದ್ದೂ ಇತ್ತಲ್ಲ? ಫೋನಿನಲ್ಲಿ ಕೇಳ್ತಿದ್ದರು. ಮೊಣಕಾಲಿನ ಆಪರೇಷನ್ ಆದ ಮೇಲೆ ನೆರೂಲಿನಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದರು, ಅಲ್ಲಿಯೂ."

ನನಗೆ ಹೊಳೆಯಬೇಕಾಗಿದ್ದದ್ದು ಅತ್ತೆಗೆ ಹೊಳೆಯಿತು. ಒಬ್ಬರೇ ಮನುಷ್ಯ ನಾಲ್ಕು ಕಡೆ ಲಾಗಿನ್ ಆದರೆ ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಕುಕಿ. ಒಂದು ರದ್ದಾದರೆ ಉಳಿದವು ಬದುಕಿರುತ್ತವೆ, ಅವಧಿ ಮುಗಿಯದಿದ್ದರೆ.

ಮಂಗಳವಾರ ಆಫೀಸು ಬಿಟ್ಟು ಐರೋಲಿಯಿಂದ ಠಾಣೆಗೆ ಬಂದು ಘೋಡ್‌ಬಂದರ್ ರಸ್ತೆಯ ಮಾವನ ಮಗನ ಮನೆಗೆ ಹೋದೆ. ಮಾವನ ಫೋನ್ ಈಗ ಮೊಮ್ಮಗನ ಕೈಯಲ್ಲಿತ್ತು. "ಫೋಟೋ ಎಲ್ಲ ಕಾಪಿ ಮಾಡಿಕೊಂಡು ಆಮೇಲೆಯೇ ಫಾರ್ಮ್ಯಾಟ್ ಮಾಡಿಸಿದ್ದು ಭಾವ. ಇದೊಂದು ಹೊಳೆಯಲಿಲ್ಲ" ಎಂದ. ಅವನ ಮುಖ ನೋಡಿ ನಾನೇ ಸಮಾಧಾನ ಹೇಳಬೇಕಾಯಿತು. ಇಂಥದ್ದು ಹೊಳೆಯದಿರುವುದರಲ್ಲಿ ನಾನು ಅವನಿಗಿಂತ ಮುಂದಿದ್ದೆ.

ಉಳಿದದ್ದು ನೆರೂಲ್. ಫೋನ್ ಮಾಡಿದರೆ ಮಾವನ ಮಗಳು, ಹಳೇ ಲ್ಯಾಪ್‌ಟಾಪ್ ಅಟ್ಟದಲ್ಲಿ ಉಂಟು, ಭಂಗಾರಿನವನಿಗೆ ಕೊಡುವುದೆಂದು ತೆಗೆದಿಟ್ಟದ್ದು ಎಂದಳು. ಯಾರೂ ಅದನ್ನು ಮುಟ್ಟಬೇಡಿ ಎಂದೆ.

ಶನಿವಾರ ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಗಾಡಿ ಹಿಡಿದೆ. 2004ರಲ್ಲಿ ಈ ದಾರಿ ಶುರುವಾಗುವ ಮೊದಲು ನಮ್ಮ ಕಡೆಯಿಂದ ನವಿ ಮುಂಬಯಿಗೆ ರೈಲಿನಲ್ಲಿ ಹೋಗಬೇಕೆಂದರೆ ಕುರ್ಲಾ ಸುತ್ತಿ ಬರಬೇಕಿತ್ತು. ರಬಾಳೆ, ಘನ್ಸೋಲಿ, ಕೋಪರ್‌ಖೈರಣೆ, ತುರ್ಭೆ. ದಿನಾ ಓಡಾಡುವ ದಾರಿ, ಆದರೆ ಅಂದು ಉದ್ದವೆನಿಸಿತು. ಹೊರಗೆ ಮಳೆ.

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಚಾರ್ಜರ್ ಹಾಕಿದ ಮೇಲೆ ಎದ್ದಿತು. ಈ ಸಲ ಅವಸರ ಮಾಡಲಿಲ್ಲ. ಮೊದಲು ವೈಫೈ ಜೋಡಿಸದೆಯೇ ಫೈರ್‌ಫಾಕ್ಸಿನ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಪೆನ್ ಡ್ರೈವಿಗೆ ನಕಲು ಮಾಡಿದೆ. ಫೈರ್‌ಫಾಕ್ಸ್ ಕುಕಿಗಳನ್ನು ಅಲ್ಲಿ ಒಂದು ಸಣ್ಣ ಡೇಟಾಬೇಸಿನಲ್ಲಿ ಇಡುತ್ತದೆ. ಅದನ್ನು ತೆರೆದು ಆ ತಾಣದ ಹೆಸರು ಹುಡುಕಿದೆ. ಇತ್ತು! ಅವಧಿಯ ಮನೆಯಲ್ಲಿ 17ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅವು. ಲೆಕ್ಕ ಹಾಕಿದರೆ ಬರುವ ಜನವರಿಯವರೆಗೆ ಆಯುಷ್ಯ. ಮಾವ ಲಾಗಿನ್ ಮಾಡುವಾಗ "ನನ್ನನ್ನು ನೆನಪಿಡು" ಎಂಬ ಚೌಕಕ್ಕೆ ಟಿಕ್ ಹಾಕಿದ್ದರು. ಹಾಕದೆ ಇದ್ದಿದ್ದರೆ ಬ್ರೌಸರ್ ಮುಚ್ಚಿದೊಡನೆ ಹೋಗುವಂಥ ಕುಕಿ ಮಾತ್ರ ಸಿಗುತ್ತಿತ್ತು.

ಲ್ಯಾಪ್‌ಟಾಪಿನ ಗಡಿಯಾರ ಹತ್ತು ವರ್ಷ ಹಿಂದಿತ್ತು. ಅದನ್ನು ಸರಿಮಾಡಿ, ವೈಫೈ ಜೋಡಿಸಿ, ತಾಣ ತೆರೆದೆ. ಹಳದಿ ಪಟ್ಟಿ ಬಂತು. ಅದರ ಕೆಳಗೆ ಮಾವನ ಹೆಸರು.

ಹೆಸರಿನ ಪಕ್ಕದಲ್ಲಿ ಇನ್ನೊಂದು ಕೊಂಡಿ ಇತ್ತು, ಸಂದೇಶಗಳು. ಕಳೆದ ಸಲ ಕಲ್ಯಾಣದಲ್ಲಿ ಅದನ್ನು ಗಮನಿಸಿರಲಿಲ್ಲ. ಮಾವ ತಮ್ಮ ಗೆಳೆಯರೊಡನೆ ಬರೆದುಕೊಂಡ ಪತ್ರಗಳು. ಕಂಡದ್ದನ್ನೆಲ್ಲ ತಾ ಎಂಬ ನನ್ನ ಆಜ್ಞೆ ಮುಂದುವರಿದಿದ್ದರೆ ಅವನ್ನೂ ಎಳೆದು ತರುತ್ತಿತ್ತು. ಉಂಗುರ ಕೈಯಲ್ಲಿದೆ ಎಂದಮಾತ್ರಕ್ಕೆ ಎಲ್ಲ ಕೋಣೆಗೂ ನುಗ್ಗಬಹುದೇ? ಮಾವನ ಮಗಳನ್ನು ಕೇಳಿದೆ. ಅವಳು ಯೋಚಿಸಿ, "ಕ್ಯಾಸೆಟ್ ಅಪ್ಪ ಎಲ್ಲರಿಗೂ ಕೇಳಿಸ್ತಿದ್ದರು. ಅದು ಸಾಕು. ಪತ್ರ ಬೇಡ ಭಾವ" ಎಂದಳು. ನಾವು ಆ ಕೊಂಡಿ ಒತ್ತಲಿಲ್ಲ. 31ರ ನಂತರ ಅವು ಯಾರಿಗೂ ಸಿಗುವುದಿಲ್ಲ. ಅದರ ಬಗ್ಗೆ ಆಮೇಲೆ ನಾನೂ ಕೆಲವು ಸಲ ಯೋಚಿಸಿದ್ದೇನೆ, ಅವಳೂ ಯೋಚಿಸಿರಬಹುದು. ಆದರೂ ಅದು ಸರಿಯೆಂದೇ ನನಗೆ ಅನಿಸುತ್ತದೆ.

ಈ ಸಲದ ಕೆಲಸ ಹೀಗೆ. ಕಲ್ಯಾಣದ ಅವಾಂತರದಲ್ಲೂ ಒಂದು ಲಾಭ ಆಗಿತ್ತು. ಲಾಗೌಟ್ ಒತ್ತುವ ಮೊದಲು ಡಬ್ಲ್ಯೂಗೆಟ್ ಎಲ್ಲ ಹದಿನಾಲ್ಕು ಪುಟಗಳ ಪಟ್ಟಿಯನ್ನು ತಂದಿತ್ತಲ್ಲ, ಅದರಿಂದ ಬಾಕಿ 322 ಕಡತಗಳ ಕೊಂಡಿ ಆರಿಸಿ ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟೆ. ಈ ಪಟ್ಟಿಯಲ್ಲಿ ಇರುವುದನ್ನು ಮಾತ್ರ ತಾ, ಬೇರೆ ಯಾವ ಕೊಂಡಿಯನ್ನೂ ಹಿಂಬಾಲಿಸಬೇಡ. ಪಟ್ಟಿಯಲ್ಲಿ ಲಾಗೌಟ್ ಎಂಬ ಪದ ಎಲ್ಲಾದರೂ ಇದೆಯೇ ಎಂದು ಮೂರು ಸಲ ಹುಡುಕಿದೆ. ಕೆಲವು ತಾಣಗಳು ಅದೇ ಕುಕಿ ಬೇರೆ ಬ್ರೌಸರಿನಿಂದ, ಬೇರೆ ಊರಿನ ಸಂಪರ್ಕದಿಂದ ಬಂದರೆ ಸಂಶಯಪಟ್ಟು ಹೊರಗೆ ಹಾಕುತ್ತವೆ. ಅದಕ್ಕೇ ಕುಕಿಯನ್ನು ಡೊಂಬಿವಲಿಗೆ ಒಯ್ಯದೆ ನೆರೂಲಿನ ವೈಫೈಯಲ್ಲೇ ಕೂತೆ. ಡಬ್ಲ್ಯೂಗೆಟ್ ತನ್ನನ್ನು ಪರಿಚಯಿಸಿಕೊಳ್ಳುವಾಗ ಆ ಫೈರ್‌ಫಾಕ್ಸಿನ ಹೆಸರನ್ನೇ ಹೇಳುವಂತೆ ಮಾಡಿದೆ. ಒಂದು ಕಡತಕ್ಕೂ ಇನ್ನೊಂದಕ್ಕೂ ನಡುವೆ ಐದು ಸೆಕೆಂಡ್ ನಿಲ್ಲು ಎಂದೆ, ಮುಚ್ಚುವ ಹೊತ್ತಿನ ಸರ್ವರಿಗೆ ಎಲ್ಲರೂ ಮುಗಿಬಿದ್ದಿರುತ್ತಾರೆ. ಮೊದಲು ಒಂದೇ ಒಂದು ಕಡತ ತರಿಸಿ, ಗಾತ್ರ ನೋಡಿ, ಕೇಳಿ, ಆಮೇಲೆ ಉಳಿದದ್ದಕ್ಕೆ ಎಂಟರ್ ಒತ್ತಿದೆ.

ರಾತ್ರಿ ಹನ್ನೊಂದು. ಒಂದು ಕಡತಕ್ಕೆ ಒಂದು ನಿಮಿಷದ ಮೇಲೆ ಹಿಡಿಯುತ್ತಿತ್ತು. ಮಾವನ ಮಗಳು ಎರಡು ಲೋಟ ಚಹಾ ತಂದು ಪಕ್ಕದಲ್ಲಿ ಕೂತಳು. ಹೊರಗೆ ಮಳೆ ಜೋರಾಯಿತು. "ಇವತ್ತು ಜುಲೈ 26 ಅಲ್ಲದಾ ಭಾವ?" ಎಂದಳು. ಆಗ ಅವಳಿನ್ನೂ ಕಾಲೇಜಿನಲ್ಲಿದ್ದಳು. ಅಪ್ಪನ ಜೊತೆ ಸೊಂಟದ ನೀರಿನಲ್ಲಿ ಟ್ರಂಕ್ ಹಿಡಿದು ಮೆಟ್ಟಿಲು ಹತ್ತಿದವಳು ಅವಳೇ. ಸರಿಯಾಗಿ ಇಪ್ಪತ್ತು ವರ್ಷ. ಇಬ್ಬರೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಸಂಪರ್ಕ ಎರಡು ಸಲ ಕಡಿಯಿತು, ಡಬ್ಲ್ಯೂಗೆಟ್ ತಾನೇ ಮತ್ತೆ ಹಿಡಿಯಿತು. ನಾನು ಸೋಫಾದಲ್ಲಿ ಅರೆನಿದ್ದೆ ಮಾಡಿದೆ, ಗಂಟೆಗೊಮ್ಮೆ ಎದ್ದು ಗಾತ್ರ ನೋಡಿದೆ.

ಬೆಳಿಗ್ಗೆ ಏಳಕ್ಕೆ ಮುಗಿಯಿತು. 319 ಸಿಕ್ಕಿದವು. ಮೂರು ಕಡತ ಬ್ರೌಸರಿನಲ್ಲಿ ಒತ್ತಿದರೂ ಬರಲಿಲ್ಲ, ಸರ್ವರಿನಲ್ಲೇ ಕೆಟ್ಟಿದ್ದವು. ಕಲ್ಯಾಣದ 25 ಸೇರಿ 344.

ಇಂಥ ಸಂದರ್ಭ ನಿಮಗೂ ಬರಬಹುದು. ಬೆಂಗಳೂರಿನಲ್ಲೋ ಪುಣೆಯಲ್ಲೋ ದೆಹಲಿಯಲ್ಲೋ ಇರುವ ನಮ್ಮಲ್ಲಿ ಹೆಚ್ಚಿನವರ ಅಪ್ಪ ಅಮ್ಮ ಯಾವುದೋ ತಾಣದಲ್ಲಿ ಏನನ್ನೋ ಇಟ್ಟಿರುತ್ತಾರೆ. ಆದ್ದರಿಂದ ಕಲಿತದ್ದನ್ನು ಹೇಳಿಬಿಡುತ್ತೇನೆ. ಕುಕಿಯ ಕಡತವೆಂದರೆ ಪಾಸ್‌ವರ್ಡೇ. ಅದನ್ನು ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ, ಸಹಾಯ ಮಾಡುತ್ತೇನೆ ಎಂದವರಿಗೂ ಕೊಡಬೇಡಿ, ಕೆಲಸ ಮುಗಿದೊಡನೆ ಅಳಿಸಿ. ನಿಮ್ಮದಲ್ಲದ ಖಾತೆಯಾದರೆ ಮನೆಯವರನ್ನು ಕೇಳಿ, ಬೇಕಾದಷ್ಟೇ ತನ್ನಿ. ಲಾಗಿನ್ ಆಗಿ ಕೊಂಡಿಗಳನ್ನು ಹಿಂಬಾಲಿಸುವಾಗ ಲಾಗೌಟ್ ಕೊಂಡಿಯನ್ನು ಹೊರಗಿಡಲು ಡಬ್ಲ್ಯೂಗೆಟ್ಟಿನಲ್ಲೇ ಅನುಕೂಲವಿದೆ, ಅದನ್ನು ಮರೆಯಬೇಡಿ. ಎಲ್ಲಕ್ಕಿಂತ ಮುಖ್ಯ, ಇಷ್ಟು ಸಾಹಸ ಬೇಕಾಗದ ಹಾಗೆ ಈಗಲೇ ನೋಡಿಕೊಳ್ಳಿ. ಅಪ್ಪನ ಖಾತೆಗಳು ಯಾವ ಇಮೇಲಿನಲ್ಲಿವೆ ಎಂದು ಒಂದು ಭಾನುವಾರ ಅವರ ಜೊತೆಗೇ ಕೂತು ನೋಡಿ. ಆಫೀಸಿನ ಇಮೇಲ್ ಇದ್ದರೆ ನಿವೃತ್ತಿಗೆ ಮೊದಲೇ ಬದಲಿಸಿ. ಮೇಲೆ ಇದೆ ಎಂದುಕೊಂಡದ್ದರ ಒಂದು ಪ್ರತಿ ಕೆಳಗೆ ಮನೆಯಲ್ಲೂ ಇರಲಿ.

ನಾವು ಮೂರು ಪ್ರತಿ ಮಾಡಿದೆವು. ಠಾಣೆ, ನೆರೂಲ್, ನನ್ನ ಮನೆ ಡೊಂಬಿವಲಿಗೆ ಒಂದೊಂದು ಹಾರ್ಡ್ ಡಿಸ್ಕ್. ಅತ್ತೆಗೆ ಪೆನ್ ಡ್ರೈವ್. ನೆರೂಲಿನಲ್ಲಿ ನನ್ನ ಲ್ಯಾಪ್‌ಟಾಪಿನಿಂದಲೂ ಪೆನ್ ಡ್ರೈವಿನಿಂದಲೂ ಕುಕಿಯನ್ನು ಅಳಿಸಿದ ಮೇಲೆ ಮಾವನ ಮಗಳು ಹಳೇ ಲ್ಯಾಪ್‌ಟಾಪಿನ ಮುಂದೆ ಕೂತು, "ಲಾಗೌಟ್ ಮಾಡಲಾ?" ಎಂದು ಕೇಳಿದಳು. ಮಾಡಬೇಕಾದ್ದೇ, ಅದೇ ಸರಿಯಾದ ಕ್ರಮ ಎಂದೆ. ಅವಳು ಮೌಸ್ ಅಲ್ಲಿಯವರೆಗೆ ಒಯ್ದು, ಬಿಟ್ಟು, ಮುಚ್ಚಳ ಮುಚ್ಚಿದಳು. ನಾನೂ ಒತ್ತಾಯಿಸಲಿಲ್ಲ. 31ಕ್ಕೆ ತಾಣವೇ ಮುಚ್ಚಿತು.

ಆಗಸ್ಟಿನ ಮೊದಲ ಶನಿವಾರ ಕಲ್ಯಾಣಕ್ಕೆ ಹೋದೆ. ಅತ್ತೆಯ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿ, ಅದೇ ಚಿತ್ರವನ್ನೇ ಇಟ್ಟು, ಒತ್ತಿದರೆ ಪೆನ್ ಡ್ರೈವಿನ ಪಟ್ಟಿ ತೆರೆಯುವಂತೆ ಮಾಡಿಕೊಟ್ಟೆ. ಅತ್ತೆ ದೀಪ ಹಚ್ಚಿ ಬಂದು ಎರಡು ಸಲ ಒತ್ತಿದರು. ಪಟ್ಟಿಯನ್ನು ಕೆಳಗೆ ಇಳಿಸುತ್ತಾ ಹೋಗಿ ಒಂದರ ಮೇಲೆ ನಿಂತರು. "ಕಲ್ಯಾಣ ಪಶ್ಚಿಮ, ನಮ್ಮ ಮನೆ, ಪ್ರಸಂಗ ಕೃಷ್ಣಸಂಧಾನ. ಎರಡನೇ ಕ್ಯಾಸೆಟ್, ಬಿ ಬದಿ." ಒಂದು ಕೆಮ್ಮು. ಅದರ ಹಿಂದೆ ದೂರದಲ್ಲಿ ಒಂದು ಹೆಂಗಸಿನ ದನಿ, ಎಲೆ ಹಾಕಿ ಆಯಿತು, ಎಲ್ಲ ಊಟಕ್ಕೆ ಏಳಿ ಎಂದು.

"ಇದು ನಾನೇ" ಎಂದರು ಅತ್ತೆ. "ಆ ದಿನ ಹನ್ನೆರಡು ಜನ ಇದ್ದರು. ಸಾರು ಕಡಿಮೆ ಬಿದ್ದಿತ್ತು."